ನಿಮಗಿದು ಗೊತ್ತೇ? ರಾಯಚೂರಿನ ಬಿಸಿಲಿನಿಂದ ಹಿಮದ ಊರಿಗೆ

ರಾಯಚೂರು, ದೇವದುರ್ಗ, ಮಾನ್ವಿಯ ಮನೆಗಳಿಂದ ಓದಿಗೆಂದೋ ಕೆಲಸಕ್ಕೆಂದೋ ಹಿಮ ಬೀಳುವ ದೇಶಗಳಿಗೆ ಹೊರಡುವ ಮಕ್ಕಳಿದ್ದಾರೆ. ಅವರು ಸೂಟ್‌ಕೇಸ್ ಕಟ್ಟುವಾಗ ಅಪ್ಪ-ಅವ್ವನ ಮನಸ್ಸಿನಲ್ಲಿ ಸುಳಿಯುವ ಪ್ರಶ್ನೆ ಎರಡು: ಹೊತ್ತಿಗೆ ಸರಿಯಾಗಿ ಮುಟ್ಟುತ್ತಾರಾ? ಆ ಚಳಿ ತಡೆದುಕೊಳ್ಳುತ್ತಾರಾ? ಈ ದಾರಿ ಹೊಸದಲ್ಲ, ದಾರಿಯಲ್ಲಿ ತಡವಾಗುವುದೂ ಹೊಸದಲ್ಲ. ತಡ ಏಕಾಗುತ್ತದೆ ಎಂದು ತಿಳಿದಿದ್ದರೆ ದಿಗಿಲು ಅರ್ಧ ಇಳಿಯುತ್ತದೆ. ಅದಕ್ಕೇ ಈ ಸಲದ ಅಂಕಣ.

■ ರಾಯಚೂರಿನ ಹೆಸರು ಸುಮಾರು 550 ವರ್ಷಗಳ ಹಿಂದೆಯೇ ರಷ್ಯನ್ ಬರಹವೊಂದರಲ್ಲಿ ಸೇರಿದೆ. ವೋಲ್ಗಾ ನದಿಯ ದಂಡೆಯ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ 1460ರ ದಶಕದಲ್ಲಿ ಮನೆ ಬಿಟ್ಟು, ತಿರುಗುತ್ತ ತಿರುಗುತ್ತ ಬಹಮನಿ ಸುಲ್ತಾನರ ಬೀದರ್ ಸೇರಿದ. ಆತ ಬರೆದಿಟ್ಟ ಟಿಪ್ಪಣಿಯಲ್ಲಿ ‘ರಾಚೂರ್’ ಬರುತ್ತದೆ. ಅಲ್ಲಿ ವಜ್ರ ಹುಟ್ಟುತ್ತದೆ, ಕಲ್ಲುಗುಡ್ಡದಿಂದ ಅಗೆದು ತೆಗೆಯುತ್ತಾರೆ, ವಜ್ರವಿರುವ ನೆಲವನ್ನು ಮೊಳದ ಲೆಕ್ಕದಲ್ಲಿ ಚಿನ್ನ ಕೊಟ್ಟು ಕೊಳ್ಳುತ್ತಾರೆ ಎಂದು ಆತ ಬರೆದಿದ್ದಾನೆ. ಆ ಸೀಮೆ ಸುಲ್ತಾನನ ಕೈಕೆಳಗಿನ ಮಲಿಕ್ ಖಾನ್ ಎಂಬವನದು, ಬೀದರಿನಿಂದ 30 ‘ಕೋವ್’ (ಆ ಕಾಲದ ದೂರದ ಅಳತೆ) ಎಂಬ ವಿವರವೂ ಇದೆ. ಒಂದು ಸಣ್ಣ ತೂಕದ ವಜ್ರಕ್ಕೆ ಐದು ರೂಬಲ್, ಒಳ್ಳೆಯದಾದರೆ ಹತ್ತು. ದರ ಬರೆದಿಡುವುದನ್ನು ವ್ಯಾಪಾರಿ ಎಲ್ಲಿಯೂ ಮರೆತಿಲ್ಲ.

■ ನಿಕಿತಿನ್ ಹೊರಟದ್ದು ಭಾರತಕ್ಕಲ್ಲ! ಕಾಸ್ಪಿಯನ್ ಸಮುದ್ರದ ದಂಡೆಯ ಶಿರ್ವಾನ್‌ಗೆ ವ್ಯಾಪಾರಕ್ಕೆಂದು ಹೊರಟವನು. ಜೊತೆಗೆ ಹೋಗುತ್ತಿದ್ದ ರಾಯಭಾರಿ ಮಾಸ್ಕೋದ ದೊರೆ ಕೊಟ್ಟ 90 ಬೇಟೆಗಿಡುಗಗಳನ್ನು ಒಯ್ಯುತ್ತಿದ್ದ. ಆಸ್ಟ್ರಖಾನ್ ಬಳಿ ದಾಳಿಯಾಯಿತು, ಸರಕು ಲೂಟಿಯಾಯಿತು. ಮುಂದೆ ಬಿರುಗಾಳಿಗೆ ಸಿಕ್ಕಿ ಒಂದು ಹಡಗು ಒಡೆಯಿತು. ಊರಿನಲ್ಲಿ ಸಾಲವಿದ್ದವರು ಬರಿಗೈಯಲ್ಲಿ ಹಿಂದಿರುಗುವಂತಿರಲಿಲ್ಲ. ಹೀಗೆ ಬಾಕು, ಪರ್ಷಿಯಾ, ಹೊರ್ಮುಜ್ ದಾಟಿ, ಒಂದು ಗಂಡು ಕುದುರೆಯೊಂದಿಗೆ ಹಡಗು ಹತ್ತಿ ಕೊಂಕಣದ ಚೌಲ್ ಬಂದರಿನಲ್ಲಿ ಇಳಿದ.

■ ಮಳೆಗಾಲ ಆತನನ್ನು ಜುನ್ನರ್‌ನಲ್ಲಿ ನಿಲ್ಲಿಸಿತು. ನಾಲ್ಕು ತಿಂಗಳು ಹಗಲು ರಾತ್ರಿ ನೀರು, ಕೆಸರು. ಅಲ್ಲಿನ ಅಧಿಕಾರಿ ಅಸದ್ ಖಾನ್ ಕುದುರೆಯನ್ನೇ ಹಿಡಿದಿಟ್ಟುಕೊಂಡ. ಮತ ಬದಲಿಸಿದರೆ ಕುದುರೆಯೂ ಸಾವಿರ ಚಿನ್ನದ ನಾಣ್ಯವೂ ಸಿಗುತ್ತವೆ, ಯೋಚಿಸಲು ನಾಲ್ಕು ದಿನ ಎಂದ. ಖುರಾಸಾನಿನ ಮುಸ್ಲಿಂ ಹಿರಿಯರೊಬ್ಬರು ನಡುವೆ ಬಂದು ಮಾತಾಡಿ, ಮತವನ್ನೂ ಕುದುರೆಯನ್ನೂ ಉಳಿಸಿಕೊಟ್ಟರು. ಪರದೇಶದಲ್ಲಿ ಸಿಕ್ಕಿಬಿದ್ದವನಿಗೆ ಒಬ್ಬ ದೊಡ್ಡ ಮನಸ್ಸಿನವರು ಎದುರಾಗುವುದಕ್ಕಿಂತ ದೊಡ್ಡ ಭಾಗ್ಯ ಯಾವುದಿದೆ?

■ ಆ ಕುದುರೆ ಮಾರಾಟವಾದದ್ದು ಬೀದರಿನಲ್ಲಿ. ಆಳಂದದ ಜಾತ್ರೆಯನ್ನೂ ನಿಕಿತಿನ್ ಬಣ್ಣಿಸಿದ್ದಾನೆ. ಶೇಖ್ ಅಲಾವುದ್ದೀನರ ನೆನಪಿನ ಆ ಜಾತ್ರೆ ಹತ್ತು ದಿನ ನಡೆಯುತ್ತಿತ್ತು, ಮಾರಾಟಕ್ಕೆ ಇಪ್ಪತ್ತು ಸಾವಿರದವರೆಗೆ ಕುದುರೆ ಬರುತ್ತಿದ್ದವು ಎನ್ನುತ್ತಾನೆ. ಹಿಂದೂಗಳ ಜೊತೆ ಶ್ರೀಶೈಲದ ಶಿವರಾತ್ರಿಗೂ ಹೋಗಿಬಂದಿದ್ದಾನೆ. ಕಲಬುರಗಿಯನ್ನೂ ಕಂಡಿದ್ದಾನೆ. ನಮ್ಮ ಸೀಮೆಯ ಸಂತೆ, ಜಾತ್ರೆ, ಅರಮನೆ, ಊಟ, ಪೂಜೆಗಳನ್ನು ಹೊರಗಿನವರು ಇಷ್ಟು ಹತ್ತಿರದಿಂದ ನೋಡಿ ಬರೆದದ್ದು ಆ ಕಾಲಕ್ಕೆ ಬಹಳ ವಿರಳ.

■ ಮನೆಯತ್ತ ಮರಳಿ ಹೊರಡುವ ಹೊತ್ತಿಗೆ ಆತನಿಗೆ ತಾರೀಖೇ ತಪ್ಪಿತ್ತು. ಧರ್ಮಗ್ರಂಥಗಳು, ಹಬ್ಬದ ಪಟ್ಟಿ ಎಲ್ಲವೂ ಆಸ್ಟ್ರಖಾನಿನ ಲೂಟಿಯಲ್ಲಿ ಹೋಗಿದ್ದವು. ಈಸ್ಟರ್ ಯಾವಾಗ, ಉಪವಾಸ ಯಾವಾಗ ಎಂದು ಹೇಳುವವರು ಸುತ್ತ ಯಾರೂ ಇಲ್ಲ. ಈಸ್ಟರ್ ಹಬ್ಬವು ಮುಸ್ಲಿಮರ ಬೈರಾಮ್ ಹಬ್ಬಕ್ಕಿಂತ ಒಂಬತ್ತೋ ಹತ್ತೋ ದಿನ ಮುಂಚೆ ಬರುತ್ತದೆ ಎಂದು ಅಂದಾಜು ಮಾಡಿ ಉಪವಾಸ ಹಿಡಿದ. ಟಿಪ್ಪಣಿಯ ನಡುನಡುವೆ ತುರ್ಕಿ, ಪಾರಸಿ, ಅರಬ್ಬಿ ಬೆರೆತ ಮಾತಿನಲ್ಲಿ ಪ್ರಾರ್ಥನೆ ಬರೆದುಕೊಂಡಿದ್ದಾನೆ. ಇಡೀ ಕಥೆಯಲ್ಲಿ ನನ್ನ ಎದೆಗೆ ತಟ್ಟುವುದು ವಜ್ರವೂ ಅಲ್ಲ, ಕುದುರೆಯೂ ಅಲ್ಲ. ಹಬ್ಬದ ದಿನ ಗೊತ್ತಿಲ್ಲದೆ ಬೀದರಿನ ಬಿಸಿಲಿನಲ್ಲಿ ಕೂತು ಲೆಕ್ಕ ಹಾಕುತ್ತಿದ್ದ ಈ ಮನುಷ್ಯ. ಪರದೇಶದಲ್ಲಿ ನಾಗರಪಂಚಮಿ ಯಾವತ್ತು ಎಂದು ಮನೆಗೆ ಫೋನ್ ಮಾಡಿ ಕೇಳುವ ಮಕ್ಕಳಿಗೆ ಆತನ ಸಂಕಟ ತಿಳಿದೀತು.

■ ಹೊರಡುವುದಕ್ಕಿಂತ ಮರಳುವುದು ಕಷ್ಟವಾಯಿತು. ಪರ್ಷಿಯಾದಲ್ಲಿ ಅರಸರು ಒಬ್ಬರನ್ನೊಬ್ಬರು ಕೊಂದು ದಾರಿಗಳೆಲ್ಲ ಕಲಕಿಹೋಗಿದ್ದವು. ಕೊನೆಗೆ ದಾಭೋಳದಲ್ಲಿ ಹಡಗು ಹತ್ತಿದ. ಹೊರ್ಮುಜ್‌ಗೆ ಹೋಗಬೇಕಿದ್ದ ಆ ಹಡಗು ಒಂದು ತಿಂಗಳು ನೆಲ ಕಾಣದೆ ತೇಲಿ ಇಥಿಯೋಪಿಯಾದ ಗುಡ್ಡಗಳ ಎದುರು ನಿಂತಿತು. ಅಲ್ಲಿ ಐದು ದಿನ. ಸುಲಿಗೆಯಾಗದಿರಲೆಂದು ಕರಾವಳಿಯ ಜನಕ್ಕೆ ಅಕ್ಕಿ, ಮೆಣಸು, ರೊಟ್ಟಿ ಹಂಚಿದರು. ಆಮೇಲೆ ಮಸ್ಕತ್, ಹೊರ್ಮುಜ್, ಶಿರಾಜ್, ಇಸ್ಫಹಾನ್, ತಬ್ರೀಜ್. ಮುಂದೆ ದಾರಿಯಿಲ್ಲವೆಂದು ಉಜೂನ್ ಹಸನ್ ದೊರೆಯ ಬೀಡಿನಲ್ಲಿ ಹತ್ತು ದಿನ ತಂಗಿದ. ಕಪ್ಪು ಸಮುದ್ರದ ತ್ರೆಬಿಜಾಂದ್‌ನಲ್ಲಿ ಅಧಿಕಾರಿಗಳು ಕಾಗದಪತ್ರ ಹುಡುಕುವ ನೆಪದಲ್ಲಿ ಗಂಟುಮೂಟೆ ಬಿಚ್ಚಿ, ಕೈಗೆ ಸಿಕ್ಕ ಸಣ್ಣಪುಟ್ಟ ಒಳ್ಳೆಯ ಸಾಮಾನನ್ನೆಲ್ಲ ಇಟ್ಟುಕೊಂಡರು. ಹಡಗು ಹೊರಟರೆ ಎದುರುಗಾಳಿ. ಪ್ಲಾತಾನಾ ಬಂದರಿಗೆ ಹಿಂದಿರುಗಿ 15 ದಿನ ಕಾದರು. ಎರಡು ಸಲ ಹೊರಟರೂ ಗಾಳಿ ಎರಡು ಸಲವೂ ತಡೆಯಿತು. ಕಡೆಗೂ ಕ್ರೈಮಿಯಾದ ಕಾಫಾ ಮುಟ್ಟಿದ.

ತ್ವೇರ್ ಮಾತ್ರ ಮುಟ್ಟಲಿಲ್ಲ. ಸ್ಮೊಲೆನ್ಸ್ಕ್ ತಲುಪುವ ಮುನ್ನವೇ ತೀರಿಕೊಂಡ. ಅಲ್ಲಿಂದ ಊರಿಗೆ ಇನ್ನೂ ಮುನ್ನೂರು ಕಿಲೋಮೀಟರಿಗಿಂತ ಹೆಚ್ಚು ದಾರಿಯಿತ್ತು. ಆತನ ಕೈಬರಹದ ಹೊತ್ತಿಗೆಗಳನ್ನು ಬೇರೆ ವ್ಯಾಪಾರಿಗಳು ಮಾಸ್ಕೋಗೆ ಒಯ್ದು ರಾಜನ ಬಳಿಯಿದ್ದ ವಸಿಲಿ ಮಾಮಿರೆವ್ ಎಂಬ ಅಧಿಕಾರಿಗೆ ಒಪ್ಪಿಸಿದರು. 1475ರ ಹೊತ್ತಿಗೆ ಅವು ರಷ್ಯಾದ ಚರಿತ್ರೆಯ ದಾಖಲೆಯಲ್ಲಿ ಸೇರಿದವು. ಬರೆದವನು ಮನೆ ಸೇರಲಿಲ್ಲ, ರಾಯಚೂರಿನ ಹೆಸರು ಮಾಸ್ಕೋ ಸೇರಿತು.

■ ಆತನ ಪುಸ್ತಕ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಮರೆತುಹೋಗಿತ್ತು. 19ನೇ ಶತಮಾನದ ಆರಂಭದಲ್ಲಿ ಇತಿಹಾಸಕಾರ ನಿಕೊಲಾಯ್ ಕರಮ್ಜಿನ್ ಅದನ್ನು ಮಠವೊಂದರ ಗ್ರಂಥಭಂಡಾರದಲ್ಲಿ ಕಂಡರು. 1857ರಲ್ಲಿ ಹಕ್ಲೂಯಿಟ್ ಸೊಸೈಟಿಯ ಸಂಪುಟದಲ್ಲಿ ಇಂಗ್ಲಿಷ್ ಅನುವಾದ ಬಂತು. ‘ಮೂರು ಸಮುದ್ರಗಳಾಚೆಯ ಪಯಣ’ ಎಂಬುದು ಮೂಲ ಪುಸ್ತಕದ ಹೆಸರು. ಮೂರು ಸಮುದ್ರವೆಂದರೆ ಕಾಸ್ಪಿಯನ್, ಅರಬ್ಬಿ, ಕಪ್ಪು ಸಮುದ್ರ.

■ ತ್ವೇರ್‌ನಲ್ಲಿ ವೋಲ್ಗಾ ದಂಡೆಯ ಮೇಲೆ 1955ರಲ್ಲಿ ನಿಕಿತಿನ್ ಪ್ರತಿಮೆ ನಿಲ್ಲಿಸಿದರು. 1957ರಲ್ಲಿ ಭಾರತ ಮತ್ತು ಸೋವಿಯತ್ ಒಕ್ಕೂಟ ಸೇರಿ ಈ ಕಥೆಯನ್ನು ‘ಪರದೇಸಿ’ ಎಂಬ ಸಿನಿಮಾ ಮಾಡಿದವು. ನರ್ಗಿಸ್ ಅದರಲ್ಲಿ ನಾಯಕಿ. ಬಹಮನಿಗಳ ಮಂತ್ರಿ ಮಹಮೂದ್ ಗವಾನನಾಗಿ ಪೃಥ್ವಿರಾಜ್ ಕಪೂರ್. ರಾಯಚೂರು ಕೋಟೆ ನೋಡಲು ಬರುವವರಿಗೆ 1294ರ ಶಾಸನದ ಕಥೆ ಹೇಳುವವರು ಸಿಗುತ್ತಾರೆ. ಈ ವ್ಯಾಪಾರಿಯ ಟಿಪ್ಪಣಿಯ ಬಗ್ಗೆಯೂ ಕೋಟೆಯಲ್ಲಿ ಕನ್ನಡದಲ್ಲಿ ಒಂದು ಫಲಕ ಇರಬೇಕು. ಶಾಲೆಯ ಮಕ್ಕಳು ತಮ್ಮ ಊರಿನ ಹೆಸರು ಎಲ್ಲಿಯವರೆಗೆ ಹೋಗಿತ್ತು ಎಂದು ಓದಬೇಕು.

■ 1871ರಲ್ಲಿ ರಾಯಚೂರು ಎರಡು ರೈಲ್ವೆ ಕಂಪನಿಗಳು ಕೈಕೂಡಿಸಿದ ಊರಾಯಿತು. ಮುಂಬೈ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಮದ್ರಾಸ್ ಕಡೆಯಿಂದ ಮದ್ರಾಸ್ ರೈಲ್ವೆ ಬಂದು ಇಲ್ಲಿ ಕೂಡಿದವು. ಅದಕ್ಕೆ ಎರಡು ವರ್ಷ ಮೊದಲು, 1869ರಲ್ಲಿ, ಸೂಯೆಜ್ ಕಾಲುವೆ ತೆರೆದಿತ್ತು. ನಿಕಿತಿನ್ ವರ್ಷಗಟ್ಟಲೆ ಸುತ್ತಿದ ದಾರಿ, ರೈಲು ಮತ್ತು ಹಡಗು ಸೇರಿ ವಾರಗಳ ಲೆಕ್ಕಕ್ಕೆ ಇಳಿಯಿತು.

■ ಅದೇ ರಾಯಚೂರು ಜಿಲ್ಲೆಯಲ್ಲಿ ದೇವದುರ್ಗಕ್ಕೂ ಮಾನ್ವಿಗೂ ಇಂದಿಗೂ ರೈಲಿಲ್ಲ. ವಿದೇಶದ ಪಯಣ ಶುರುವಾಗುವುದೇ ಬಸ್‌ಸ್ಟ್ಯಾಂಡಿನಿಂದ. ಹತ್ತಿರದ ದೊಡ್ಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಹೈದರಾಬಾದಿನ ಶಂಷಾಬಾದ್; ರಾಯಚೂರಿನಿಂದ ಸುಮಾರು 200 ಕಿ.ಮೀ. ಬೆಂಗಳೂರು ಅದರ ಎರಡರಷ್ಟು ದೂರ. 1997-98ರಲ್ಲಿ ಮಂಜೂರಾದ ಗಿಣಿಗೇರಾ–ಮಹಬೂಬನಗರ ರೈಲು ಮಾರ್ಗ ತುಂಡುತುಂಡಾಗಿ ತೆರೆಯುತ್ತ ಬಂದು, ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಒಂದು ತಲೆಮಾರು ಕಾದ ಮೇಲೆ!

■ ಹೊಳೆ ತುಂಬಿದರೆ ದಾರಿ ನಿಲ್ಲುತ್ತದೆ ಎಂಬುದು ದೇವದುರ್ಗದವರಿಗೆ ಹೇಳಿಕೊಡಬೇಕಿಲ್ಲ. ನಾರಾಯಣಪುರ ಜಲಾಶಯದಿಂದ ಕೃಷ್ಣೆಗೆ ನೀರು ಹೆಚ್ಚು ಬಿಟ್ಟಾಗ ಹೂವಿನಹೆಡಗಿ ಸೇತುವೆ ಮುಳುಗಿ ಕಲಬುರಗಿ ಕಡೆಯ ಓಡಾಟ ಬಂದ್ ಆಗುತ್ತದೆ. ಸೈಬೀರಿಯಾದ ಯಾಕುತ್ಸ್ಕ್ ನಗರಕ್ಕೂ ಹೊಳೆಯದ್ದೇ ಕಾಟ. ಊರಿನ ಎದುರು ಲೇನಾ ನದಿಗೆ ಸೇತುವೆಯಿಲ್ಲ, ರೈಲು ಆಚೆ ದಂಡೆಗೇ ನಿಲ್ಲುತ್ತದೆ. ಬೇಸಿಗೆಯಲ್ಲಿ ದೋಣಿ. ನಡುಚಳಿಗಾಲದಲ್ಲಿ ನದಿ ಗಟ್ಟಿಯಾಗಿ ಹೆಪ್ಪುಗಟ್ಟಿ ಅದರ ಮೇಲೆಯೇ ಲಾರಿ ಓಡುತ್ತವೆ. ಕಷ್ಟವೆಲ್ಲ ನಡುವಿನ ವಾರಗಳಲ್ಲಿ: ಮಂಜುಗಡ್ಡೆ ಕಟ್ಟುವಾಗ, ಕರಗುವಾಗ. ಆಗ ದೋಣಿಯೂ ಇಲ್ಲ, ರಸ್ತೆಯೂ ಇಲ್ಲ, ಊರು ನಡುಗಡ್ಡೆಯಂತೆ ಉಳಿಯುತ್ತದೆ.

■ ಯಾಕುತ್ಸ್ಕ್‌ನಲ್ಲಿ ಮೈನಸ್ 64 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿದ ದಾಖಲೆಯಿದೆ. ಅದೇ ಊರು ಬೇಸಿಗೆಯಲ್ಲಿ 38 ಡಿಗ್ರಿ ಮುಟ್ಟಿದೆ. ಅಂದರೆ ಒಂದೇ ಊರಿನಲ್ಲಿ ನೂರು ಡಿಗ್ರಿಗೂ ಹೆಚ್ಚಿನ ಅಂತರ. ನೆಲದಡಿ ಸದಾ ಹೆಪ್ಪುಗಟ್ಟಿದ ಮಣ್ಣು ಇರುವುದರಿಂದ ಅಲ್ಲಿನ ಕಟ್ಟಡಗಳು ಕಂಬಗಳ ಮೇಲೆ ನಿಲ್ಲುತ್ತವೆ. ನೆಲಕ್ಕೇ ಕಟ್ಟಿದರೆ ಮನೆಯ ಬಿಸಿಗೆ ಅಡಿಯ ಮಣ್ಣು ಕರಗಿ ಗೋಡೆ ಕುಸಿಯುತ್ತದೆ.

■ ಮೈನಸ್ 40ಕ್ಕೆ ಸೆಲ್ಸಿಯಸ್ ಎಂದರೂ ಒಂದೇ, ಫ್ಯಾರನ್‌ಹೀಟ್ ಎಂದರೂ ಒಂದೇ.

■ ಮಾಸ್ಕೋದಲ್ಲಿ ಡಿಸೆಂಬರ್ ಕೊನೆಯ ಹಗಲು ಬರೀ ಏಳು ಗಂಟೆ. ಆರ್ಕ್ಟಿಕ್ ವೃತ್ತದೊಳಗಿನ ಅತಿ ದೊಡ್ಡ ನಗರ ಮುರ್ಮನ್ಸ್ಕ್‌ನಲ್ಲಿ ಸುಮಾರು ನಲವತ್ತು ದಿನ ಸೂರ್ಯ ಮೂಡುವುದೇ ಇಲ್ಲ. ಆದರೂ ಆ ಊರಿನ ಬಂದರು ಹೆಪ್ಪುಗಟ್ಟುವುದಿಲ್ಲ. ಅಟ್ಲಾಂಟಿಕ್ ಕಡೆಯಿಂದ ಬರುವ ಬೆಚ್ಚನೆಯ ಸಾಗರಪ್ರವಾಹ ಅದನ್ನು ಕಾಯುತ್ತದೆ.

■ ವಿಮಾನ ಹಿಮದಲ್ಲಿ ತಡವಾಗುವುದು ಏಕೆ? ಹಿಮದೂರಿನ ನಿಲ್ದಾಣದಲ್ಲಿ ಎಲ್ಲರೂ ಹತ್ತಿ ಕೂತ ಮೇಲೂ ವಿಮಾನ ಅಲುಗಾಡದೆ ನಿಂತಿರುತ್ತದೆ. ಕಿಟಕಿಯಾಚೆ ಉದ್ದ ತೋಳಿನ ಗಾಡಿಯೊಂದು ಬಂದು ರೆಕ್ಕೆಗೆ ಹಬೆಯಾಡುವ ದ್ರವ ಎರಚುತ್ತದೆ. ಅದು ಗ್ಲೈಕಾಲ್ ಬೆರೆಸಿ ಕಾಯಿಸಿದ ನೀರು. ಕೂತ ಮಂಜನ್ನು ಕರಗಿಸುವ ದ್ರವಕ್ಕೆ ಕಿತ್ತಳೆ ಬಣ್ಣ, ಹೊಸ ಮಂಜು ಕೂರದಂತೆ ಕಾಯುವ ಗಟ್ಟಿ ದ್ರವಕ್ಕೆ ಹಸಿರು; ಎಲ್ಲಿ ಬಿದ್ದಿದೆ, ಎಲ್ಲಿ ಬಿದ್ದಿಲ್ಲ ಎಂದು ಕಣ್ಣಿಗೆ ತಿಳಿಯಲೆಂದು ಈ ಬಣ್ಣ. ಎರಚಿದ್ದರ ಕಾವಲಿಗೆ ಒಂದು ಗಡುವಿದೆ. ಹಿಮ ಜೋರಾದರೆ, ರನ್‌ವೇಗೆ ಸರದಿ ಬರುವಷ್ಟರಲ್ಲಿ ಆ ಗಡುವು ಮುಗಿದರೆ, ಹಿಂದಿರುಗಿ ಮತ್ತೆ ಎರಚಿಸಿಕೊಳ್ಳಬೇಕು. ಮತ್ತೆ ಸರದಿ ಕಾಯಬೇಕು.

ರೆಕ್ಕೆಯ ಮೇಲೆ ಉಪ್ಪುಕಾಗದದಷ್ಟು ತರಿತರಿಯಾದ ತೆಳುವಾದ ಮಂಜು ಕೂತರೂ ಗಾಳಿಯ ಹರಿವು ಕೆಟ್ಟು ವಿಮಾನವನ್ನು ಮೇಲೆತ್ತುವ ಬಲ ಕುಗ್ಗುತ್ತದೆ. 1989ರ ಮಾರ್ಚ್ 10ರಂದು ಕೆನಡಾದ ಡ್ರೈಡನ್‌ನಲ್ಲಿ ಮಂಜು ತೆಗೆಸದೆ ಹೊರಟ ವಿಮಾನವೊಂದು ಏರಿದ ಕೂಡಲೇ ಕಾಡಿಗೆ ಬಿದ್ದು 24 ಜನ ಸತ್ತರು. ರೆಕ್ಕೆಯ ಮೇಲೆ ಹಿಮ ಕೂತಿದ್ದನ್ನು ಪ್ರಯಾಣಿಕರೇ ಕಿಟಕಿಯಿಂದ ನೋಡಿದ್ದರು. ಆ ಅಪಘಾತದ ತನಿಖೆಯ ನಂತರ ನಿಯಮಗಳು ಬಿಗಿಯಾದವು. ಆದ್ದರಿಂದ ಮಗಳು ಫೋನ್ ಮಾಡಿ, ‘ಅವ್ವಾ, ಮಂಜು ತೆಗೀಲಿಕ್ಕೆ ಇನ್ನೂ ನಿಂತೀವಿ’ ಅಂದರೆ ಮನೆಯಲ್ಲಿ ಸಿಟ್ಟು ಬೇಡ. ಆ ತಡ ಜೀವ ಕಾಯುವ ತಡ.

■ ವಿಮಾನದ ಇಂಧನವೂ ಹೆಪ್ಪುಗಟ್ಟುತ್ತದೆ. ಜೆಟ್ ಎ-1 ಇಂಧನದ ಮಿತಿ ಮೈನಸ್ 47 ಡಿಗ್ರಿ. ಅದಕ್ಕಿಂತ ಮೊದಲೇ ಇಂಧನದಲ್ಲಿ ಬೆರೆತಿರುವ ತುಸು ನೀರು ಹರಳಾಗಬಹುದು. 2008ರ ಜನವರಿ 17ರಂದು ಬೀಜಿಂಗ್‌ನಿಂದ ಸೈಬೀರಿಯಾ ದಾಟಿ ಲಂಡನ್‌ಗೆ ಬಂದ ಬೋಯಿಂಗ್ 777 ಹೀಗೆ ಮಂಜಿನ ಹರಳು ಕಟ್ಟಿಕೊಂಡು ಶಕ್ತಿ ಕಳೆದುಕೊಂಡಿತು. ರನ್‌ವೇಗೆ ಸ್ವಲ್ಪ ಮೊದಲೇ ನೆಲಕ್ಕೆ ಬಡಿಯಿತು. ಎಲ್ಲರೂ ಬದುಕಿದರು.

■ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದಲೂ ವಿಮಾನ ಬಂದಿದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಸ್ಯಾನ್‌ಫ್ರಾನ್ಸಿಸ್ಕೊ–ಬೆಂಗಳೂರು ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಹಾರಿಸಿಕೊಂಡು ಬಂದರು. ಸುಮಾರು 16,000 ಕಿ.ಮೀ. ದಾರಿ. ಧ್ರುವದ ದಾರಿಯಲ್ಲಿ ಹಾರುವ ವಿಮಾನಗಳಲ್ಲಿ ಕೊರೆಯುವ ಚಳಿಗೆಂದೇ ಮಾಡಿದ ವಿಶೇಷ ಉಡುಪು ಇಟ್ಟಿರುತ್ತಾರೆ. ಅದು ಪ್ರಯಾಣಿಕರಿಗಲ್ಲ, ಅನಿವಾರ್ಯವಾಗಿ ಎಲ್ಲೋ ಇಳಿದರೆ ಹೊರಗೆ ಕಾಲಿಟ್ಟು ಕೆಲಸ ಮಾಡಬೇಕಾದ ಸಿಬ್ಬಂದಿಗೆ.

■ ಅಂಥ ಅನಿವಾರ್ಯ ನಿಲುಗಡೆ ನಿಜಕ್ಕೂ ಆಗಿದೆ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮೂಡಣ ತುದಿಯ ಮಗದಾನ್‌ನಲ್ಲಿ ಇಳಿಯಿತು. ಒಳಗೆ 216 ಪ್ರಯಾಣಿಕರು, 16 ಸಿಬ್ಬಂದಿ. ಊರಲ್ಲಿ ಅಷ್ಟು ಜನಕ್ಕೆ ಹೋಟೆಲ್ ಕೋಣೆ ಸಾಲದೆ, ಹಲವರು ಶಾಲೆಯ ಕೋಣೆಗಳಲ್ಲಿ ಹಾಸಿಗೆ ಹಾಸಿಕೊಂಡು ಮಲಗಿದರು. ಮುಂಬೈಯಿಂದ ಇನ್ನೊಂದು ವಿಮಾನ ಬಂದು ಅವರನ್ನು ಕರೆದೊಯ್ದದ್ದು ಜೂನ್ 8ರಂದು. ಮಧುಮೇಹ, ರಕ್ತದೊತ್ತಡದ ಮಾತ್ರೆಯನ್ನು ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕಿದವರ ಗತಿ ಇಂಥ ಹೊತ್ತಿನಲ್ಲಿ ಏನಾಗುತ್ತದೆ, ಯೋಚಿಸಿ. ಮಾತ್ರೆ, ವೈದ್ಯರ ಚೀಟಿ, ಒಂದು ಜೊತೆ ಬೆಚ್ಚನೆಯ ಬಟ್ಟೆ ಕೈಚೀಲದಲ್ಲೇ ಇರಲಿ.

■ ಆಕಾಶದ ದಾರಿಯೂ ಬಂದ್ ಆಗುತ್ತದೆ. 2022ರ ಫೆಬ್ರುವರಿಯಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪಿನ ವಿಮಾನ ಸಂಸ್ಥೆಗಳಿಗೆ ರಷ್ಯಾದ ಆಕಾಶ ಮುಚ್ಚಿತು. 2025ರ ಏಪ್ರಿಲ್ 24ರಿಂದ ಪಾಕಿಸ್ತಾನದ ಆಕಾಶ ಭಾರತದ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಪಯಣಗಳು ಸುತ್ತುಬಳಸಾದವು. ಭೂಮಿಯ ಮೇಲಿನ ಜಗಳಕ್ಕೆ ನಿಕಿತಿನ್ ಪರ್ಷಿಯಾದಲ್ಲಿ ಕಾದಿದ್ದ, ನಾವು ಟ್ರಾನ್ಸಿಟ್ ಲೌಂಜಿನಲ್ಲಿ ಕಾಯುತ್ತೇವೆ.

■ ಹಿಮದ ನಡುವೆ ಕಾದವರಲ್ಲಿ ಕರ್ನಾಟಕದ ಮಕ್ಕಳ ನೆನಪು ಮಾಸಬಾರದು. 2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಮರುದಿನವೇ ಭಾರತದ ರಾಯಭಾರ ಕಚೇರಿ ಉಳಿದವರಿಗೆ ಖಾರ್ಕಿವ್ ಬಿಡಿ, ವಾಹನ ಸಿಗದಿದ್ದರೆ ನಡೆದೇ ಹೊರಡಿ ಎಂದಿತು. ಹೋಗಿ ಸೇರಲು ಹೆಸರಿಸಿದ ಮೂರು ಊರುಗಳು 11ರಿಂದ 16 ಕಿ.ಮೀ. ದೂರ. ಮಂಜಿನಲ್ಲಿ ಬ್ಯಾಗು ಎಳೆಯುತ್ತ ಮಕ್ಕಳು ನಡೆದರು. ಸುಮಿ ಎಂಬ ಊರಿನಲ್ಲಿ ಸಿಕ್ಕಿಬಿದ್ದ ಸುಮಾರು 700 ವಿದ್ಯಾರ್ಥಿಗಳಿಗೆ ಕುಡಿಯುವ ನೀರು ತೀರಿ, ಹಲವರು ಹಿಮ ಕರಗಿಸಿ ಕುಡಿದರು. ಅವರನ್ನು ಬಸ್ಸಿನಲ್ಲಿ ಹೊರತಂದದ್ದು ಮಾರ್ಚ್ 8ರಂದು. ‘ಆಪರೇಷನ್ ಗಂಗಾ’ದಲ್ಲಿ 22 ಸಾವಿರಕ್ಕೂ ಹೆಚ್ಚು ಭಾರತೀಯರು ಮನೆ ಸೇರಿದರು. ಹಾವೇರಿಯ ಆ ಹುಡುಗನ ಪಾರ್ಥಿವ ಶರೀರ ಬೆಂಗಳೂರಿಗೆ ಬಂದದ್ದು ಮಾರ್ಚ್ 21ರಂದು. ಹೆತ್ತವರು ಅದನ್ನು ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಮಗ ಓದಲಾಗದೆ ಹೋದ ವಿದ್ಯೆ ಬೇರೆ ಮಕ್ಕಳಿಗಾದರೂ ದಕ್ಕಲಿ ಎಂಬ ಆ ತಂದೆ-ತಾಯಿಯ ಮನಸ್ಸಿಗೆ ಕೈಮುಗಿಯಬೇಕು.

■ ಹತ್ತಿಯ ಮಾರುಕಟ್ಟೆಗೆ ಹೆಸರಾದ ರಾಯಚೂರಿನವರಿಗೆ ಹೇಳಲೇಬೇಕಾದ ಮಾತು: ಹಿಮದಲ್ಲಿ ಮೈಗೆ ತಾಗುವ ಬಟ್ಟೆ ಹತ್ತಿಯದಾಗಬಾರದು. ಹತ್ತಿ ಬೆವರು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ. 45 ಡಿಗ್ರಿಯ ಹತ್ತಿರ ಬೇಯುವ ನಮ್ಮ ಬೇಸಿಗೆಗೆ ಅದು ವರ. ಆದರೆ ಮೈನಸ್ 20ರಲ್ಲಿ ಒದ್ದೆ ಬನಿಯನ್ ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಒಳಗೆ ಉಣ್ಣೆಯ ಅಥವಾ ಥರ್ಮಲ್ ಬಟ್ಟೆ, ಅದರ ಮೇಲೆ ಸ್ವೆಟರ್, ಹೊರಗೆ ಗಾಳಿ ತಡೆಯುವ ಜಾಕೆಟ್. ಒಂದೇ ದಪ್ಪ ಕೋಟಿಗಿಂತ ಮೂರು ಪದರ ಮೇಲು. ಪದರಗಳ ನಡುವೆ ನಿಂತ ಗಾಳಿಯೇ ಬಿಸಿ ಹಿಡಿಯುತ್ತದೆ.

ನಮ್ಮ ಕುರುಬರ ಕಂಬಳಿ ಹಳೆಯ ಕಾಲದಿಂದಲೂ ಇದನ್ನೇ ಮಾಡುತ್ತ ಬಂದಿದೆ. ದಖನಿ ಕುರಿಯ ಉಣ್ಣೆ ಒರಟು, ಚುಚ್ಚುತ್ತದೆ, ನಿಜ. ಆದರೆ ಮಳೆಯಲ್ಲಿ ನೆನೆದರೂ ಅದು ಮೈ ಬೆಚ್ಚಗೆ ಇಡುತ್ತದೆ. ಕುರಿ ಕಾಯುವವರು ಹೊಲದಲ್ಲಿ ಅದನ್ನೇ ಕೊಪ್ಪೆ ಮಾಡಿ ಹೊದ್ದು ನಿಲ್ಲುತ್ತಾರೆ.

■ ಗಾಳಿ ಬೀಸಿದರೆ ಥರ್ಮಾಮೀಟರ್ ಹೇಳುವುದಕ್ಕಿಂತ ಚಳಿ ಹೆಚ್ಚು. ಗಾಳಿ ಸೇರಿ ಮೈನಸ್ 40ರಂತೆ ಭಾಸವಾಗುವ ದಿನ, ಮುಚ್ಚದೆ ಬಿಟ್ಟ ಚರ್ಮಕ್ಕೆ ಹತ್ತು ನಿಮಿಷದ ಆಸುಪಾಸಿನಲ್ಲಿ ಹಿಮಗಡಿತವಾಗಬಹುದು. ಮೊದಲು ಜುಮುಗುಟ್ಟುತ್ತದೆ, ಆಮೇಲೆ ಸ್ಪರ್ಶವೇ ತಿಳಿಯುವುದಿಲ್ಲ, ಚರ್ಮ ಬಿಳಿಚುತ್ತದೆ. ಅಂಥ ಬೆರಳನ್ನು ತಿಕ್ಕಬಾರದು, ಬೆಂಕಿಗೆ ಹಿಡಿಯಬಾರದು. ಒಳಗೆ ಹೋಗಿ ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು ವೈದ್ಯರಿಗೆ ತೋರಿಸಬೇಕು.

■ ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಅವ್ವ ತುಂಬಿ ಕಳಿಸಿದ ಬಾಟಲಿ ಅಲ್ಲಿ ಕಲ್ಲಾಗಿ ಕೂತಿರುತ್ತದೆ. ಅಗಲ ಬಾಯಿಯ ಡಬ್ಬಿಯಲ್ಲಿ ಕಳಿಸಿದರೆ ಚಮಚದಿಂದ ತೆಗೆಯಬಹುದು. ಖಡಕ್ ರೊಟ್ಟಿಗೆ ಈ ಚಿಂತೆಯಿಲ್ಲ. ನೀರಿನಂಶ ಇಲ್ಲದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ವಾರಗಟ್ಟಲೆ ಕೆಡುವುದಿಲ್ಲ. ವಿಮಾನ ತಡವಾದ ರಾತ್ರಿ ನಿಲ್ದಾಣದ ಬೆಂಚಿನ ಮೇಲೆ ಕೂತು ತಿನ್ನಲು ಇದಕ್ಕಿಂತ ಒಳ್ಳೆಯ ಬುತ್ತಿ ನನಗೆ ಗೊತ್ತಿಲ್ಲ. ಇಳಿದ ದೇಶದ ಕಸ್ಟಮ್ಸ್ ಫಾರ್ಮಿನಲ್ಲಿ ಆಹಾರ ತಂದಿದ್ದೇನೆ ಎಂದು ಮಾತ್ರ ತಪ್ಪದೆ ಬರೆಯಬೇಕು.

■ ಮೊಬೈಲ್ ಬ್ಯಾಟರಿ ಚಳಿಗೆ ಬೇಗ ಸೋಲುತ್ತದೆ. ಅರ್ಧ ಚಾರ್ಜ್ ಇದ್ದ ಫೋನ್ ಬಯಲಿನಲ್ಲಿ ಏಕಾಏಕಿ ಆಫ್ ಆಗಬಹುದು. ಒಳಜೇಬಿನಲ್ಲಿ, ಮೈಗೆ ಹತ್ತಿರ ಇಟ್ಟುಕೊಳ್ಳುವುದೇ ಉಪಾಯ. ಮಗ ಫೋನ್ ಎತ್ತದಿದ್ದರೆ ಮೊದಲು ಈ ಕಾರಣ ನೆನಪಾಗಲಿ.

■ ವಿಮಾನ ತಡವಾದರೆ ನಿಮಗೆ ಹಕ್ಕುಗಳಿವೆ. ಐದು ಗಂಟೆಗಿಂತ ಉದ್ದದ ಹಾರಾಟ ಭಾರತದಲ್ಲಿ ನಾಲ್ಕು ಗಂಟೆ ಅಥವಾ ಹೆಚ್ಚು ತಡವಾದರೆ, ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ ಭಾರತೀಯ ಸಂಸ್ಥೆ ಊಟ-ಉಪಾಹಾರ ಕೊಡಬೇಕು. ಯುರೋಪಿಯನ್ ಒಕ್ಕೂಟದ ನಿಲ್ದಾಣದಿಂದ ಹೊರಟು 3,500 ಕಿ.ಮೀ.ಗೂ ದೂರದ ಊರಿಗೆ ಮೂರು ಗಂಟೆಗಿಂತ ತಡವಾಗಿ ಮುಟ್ಟಿದರೆ, ತಪ್ಪು ಸಂಸ್ಥೆಯದ್ದಾದಲ್ಲಿ 600 ಯೂರೋವರೆಗೆ ಪರಿಹಾರವಿದೆ. ಕೆನಡಾದಲ್ಲಿ ದೊಡ್ಡ ಸಂಸ್ಥೆಯ ತಪ್ಪಿನಿಂದ ಒಂಬತ್ತು ಗಂಟೆ ಅಥವಾ ಹೆಚ್ಚು ತಡವಾದರೆ 1,000 ಕೆನಡಿಯನ್ ಡಾಲರ್. ಹಿಮಪಾತದಿಂದ ಆದ ತಡಕ್ಕೆ ಈ ಹಣ ಸಿಗದು. ಅದಕ್ಕೇ ತಡದ ಕಾರಣವನ್ನು ಕೌಂಟರಿನಲ್ಲಿ ಬರಹದಲ್ಲಿ ಕೇಳಿ ಪಡೆಯಬೇಕು. ಇಮೇಲ್ ಆದರೂ ಸರಿ.

■ ನೀವು ಮುಟ್ಟಿ, ಸೂಟ್‌ಕೇಸ್ ಮುಟ್ಟದಿದ್ದರೆ? ನಿಲ್ದಾಣ ಬಿಡುವ ಮುನ್ನವೇ ಲಗೇಜ್ ಕೌಂಟರಿನಲ್ಲಿ ದೂರು ಬರೆಸಿ ಅದರ ಸಂಖ್ಯೆ ಪಡೆಯಿರಿ. ಭಾರತ 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ತಡವಾಗಿ ಬಂದ ಲಗೇಜಿನ ಬಗ್ಗೆ ಅದು ಕೈಸೇರಿದ 21 ದಿನಗಳೊಳಗೆ, ಒಡೆದು ಬಂದಿದ್ದರೆ 7 ದಿನಗಳೊಳಗೆ ಲಿಖಿತ ದೂರು ಕೊಡಬೇಕು. ನ್ಯಾಯಾಲಯಕ್ಕೆ ಹೋಗಲು ಎರಡು ವರ್ಷದ ಗಡುವು. ಚಳಿಯ ಊರಿನಲ್ಲಿ ಲಗೇಜ್ ಬಾರದೆ ಕೊಂಡ ಜಾಕೆಟ್, ಬೂಟಿನ ಬಿಲ್‌ಗಳನ್ನು ಇಟ್ಟುಕೊಂಡವರಿಗೆ ಆ ಖರ್ಚು ಕೇಳುವ ದಾರಿಯಿದೆ. ಆದ್ದರಿಂದ ಊರು ಮುಟ್ಟಿದ ಖುಷಿಯಲ್ಲಿ ಬೋರ್ಡಿಂಗ್ ಪಾಸು, ಲಗೇಜ್ ಚೀಟಿ, ಬಿಲ್ಲು ಯಾವುದನ್ನೂ ಎಸೆಯಬೇಡಿ. ಎಲ್ಲದರ ಫೋಟೊ ತೆಗೆದು ಮನೆಯವರ ಮೊಬೈಲಿಗೂ ಕಳಿಸಿಡಿ.